ಅಟ್ಟ ಸೇರಿದ ಪ್ಲೇಟು

ತಿಪಟೂರಿನ ಸೋದರಮಾವನ ಮನೆ ಖಾಲಿ ಮಾಡುವಾಗ ಮಂಚ, ಬೀರು, ಹಿತ್ತಾಳೆ ಹಂಡೆ ಎಲ್ಲಕ್ಕೂ ವಾರಸುದಾರರು ಸಿಕ್ಕರು. ಗ್ರಾಮಫೋನ್ ಪ್ಲೇಟುಗಳನ್ನು ಕೇಳಿದವನು ನಾನೊಬ್ಬನೇ. ಒಂದು ತಗಡಿನ ಟ್ರಂಕು, ಎರಡು ರಟ್ಟಿನ ಪೆಟ್ಟಿಗೆ. ಎಣಿಸಿದರೆ ನೂರರವತ್ತು ಎಲ್‌ಪಿ, ತೊಂಬತ್ತು ಚಿಕ್ಕ ಇಪಿ, ಅರವತ್ತರಷ್ಟು ಹಳೆಯ 78ರ ತಟ್ಟೆಗಳು. ನಮ್ಮದು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ, ಎರಡು ಕೋಣೆಯ ಬಾಡಿಗೆ ಮನೆ. ನೆತ್ತಿಯ ಮೇಲೆ ನೇರ ತಾರಸಿ.

"ರೀ, ಇದನ್ನೆಲ್ಲ ಎಲ್ಲಿಡ್ತೀರಿ?" ಎಂದಳು ಮನೆಯಾಕೆ. ಚಿಕ್ಕ ಮನೆಯವರೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದೆ: "ಸದ್ಯಕ್ಕೆ ಅಟ್ಟಕ್ಕೆ ಹಾಕೋಣ."

ಆ 'ಸದ್ಯಕ್ಕೆ' ಒಂದೂವರೆ ವರ್ಷ ನಡೆಯಿತು. ನಡುವೆ ಒಂದು ಪೂರ್ತಿ ಬೇಸಿಗೆ ಕಳೆಯಿತು. ಕೊನೆಗೊಂದು ದಿನ ಏಣಿ ಹಾಕಿ ಇಳಿಸಿದಾಗ, ಒಂದರ ಮೇಲೊಂದು ಮಲಗಿಸಿದ್ದ ಎಲ್‌ಪಿಗಳಲ್ಲಿ ಹನ್ನೆರಡು, ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಂಚು ಎತ್ತಿಕೊಂಡಿದ್ದವು. ಆ ಹನ್ನೆರಡು ಪ್ಲೇಟು ತೆತ್ತು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಇತ್ತೀಚೆಗೆ ಹೊಸ ಎಲ್‌ಪಿ ಕೊಳ್ಳುವ ಹುಡುಗ ಹುಡುಗಿಯರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಅವರದೂ ಇದೇ ಪ್ರಶ್ನೆ: ಎಲ್ಲಿಡುವುದು?

ಗೋಡೆ ಮೊದಲು, ರ‍್ಯಾಕು ಆಮೇಲೆ

ಎಲ್ಲರೂ ರ‍್ಯಾಕಿನಿಂದ ಶುರುಮಾಡುತ್ತಾರೆ. ಮೊದಲು ಆರಿಸಬೇಕಾದದ್ದು ಗೋಡೆ. ಎಲ್‌ಪಿ ಅಂದರೆ ವಿನೈಲ್, ನಮ್ಮ ಪಿವಿಸಿ ಪೈಪಿನ ಜಾತಿಯದು. ಅಟ್ಟದ ಬಿಸಿಗೆ ಅದು ಕರಗಿ ಹರಿಯುವುದಿಲ್ಲ ನಿಜ. ಆದರೆ ಬಿಸಿಯೂ ಭಾರವೂ ಕೂಡಿಕೊಂಡು ತಿಂಗಳುಗಟ್ಟಲೆ ಕೂತರೆ, ಸದ್ದಿಲ್ಲದೆ ಬಾಗುತ್ತದೆ. ಬೆಂಗಳೂರು ತಂಪಿನ ಊರು ಎಂಬ ನಂಬಿಕೆಯಲ್ಲಿ ನಾನಿದ್ದೆ. 2016ರ ಏಪ್ರಿಲ್‌ನಲ್ಲಿ ಇದೇ ಊರು 39.2 ಡಿಗ್ರಿ ಕಂಡಿದೆ. ಅದು ನೆರಳಿನ ಲೆಕ್ಕ. ಕಾದ ಕಾಂಕ್ರೀಟ್ ಸೂರಿಗೆ ಒಂದಡಿ ಕೆಳಗಿರುವ ಅಟ್ಟದ ಲೆಕ್ಕ ಬೇರೆ.

ಒಂದು ರಜಾದಿನ ಮನೆಯೊಳಗೆ ಸುಮ್ಮನೆ ಸುತ್ತಿ, ಗೋಡೆಗಳನ್ನು ಅಂಗೈಯಿಂದ ಮುಟ್ಟಿ ನೋಡಿ. ಸಂಜೆ ಐದಕ್ಕೆ ಬೆಚ್ಚಗಿರುವುದು ಪಡುವಣ ಗೋಡೆ, ಅದು ಬೇಡ. ಮಳೆಗಾಲದಲ್ಲಿ ಬಣ್ಣ ಉಬ್ಬುವ ಗೋಡೆ, ಬಚ್ಚಲಿಗೆ ಬೆನ್ನು ಕೊಟ್ಟ ಗೋಡೆ, ಅವೂ ಬೇಡ. ಅಡುಗೆಮನೆಯ ಬಾಗಿಲ ಪಕ್ಕ ಎಷ್ಟೇ ಜಾಗವಿದ್ದರೂ ಆಸೆಪಡಬೇಡಿ. ಒಗ್ಗರಣೆಯ ಹೊಗೆ ಕಣ್ಣಿಗೆ ಕಾಣದ ಎಣ್ಣೆಯನ್ನು ಹೊತ್ತು ತಂದು ಗೆರೆಗಳಲ್ಲಿ ಕೂರಿಸುತ್ತದೆ, ಅದರ ಮೇಲೆ ಧೂಳು ಕೂತರೆ ಮತ್ತೆ ಏಳುವುದಿಲ್ಲ. ದೇವರ ಗೂಡಿನ ಊದುಬತ್ತಿಯ ಮಸಿಯೂ ಹಾಗೆಯೇ. ಫ್ರಿಜ್ಜಿನ ತಲೆಯ ಮೇಲೆ ಇಡುವವರನ್ನೂ ಕಂಡಿದ್ದೇನೆ. ಅಲ್ಲಿ ಬಿಸಿಯೂ ಉಂಟು, ಮೋಟಾರಿನ ನಡುಕವೂ ಉಂಟು.

ದೊಡ್ಡ ಸಂಗ್ರಹಾಲಯಗಳು ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ, ಹೆಚ್ಚು ತೇವವಿಲ್ಲದ ಕೋಣೆಯಲ್ಲಿ ಪ್ಲೇಟುಗಳನ್ನು ಇಡುತ್ತವೆ. ನಮ್ಮಿಂದ ಅದಾಗದು. ಆದರೆ ಅವರ ಗುಟ್ಟು ತಂಪಿಗಿಂತ ಏರುಪೇರಿಲ್ಲದಿರುವುದರಲ್ಲಿದೆ. ಹಗಲು ಕಾದು ರಾತ್ರಿ ತಣಿಯುವ ಜಾಗಕ್ಕಿಂತ, ವರ್ಷವಿಡೀ ಒಂದೇ ಹದದಲ್ಲಿರುವ ಮೂಲೆ ಉತ್ತಮ. ಸಾಮಾನ್ಯವಾಗಿ ಅದು ಮನೆಯ ನಡುವಿನ, ಎರಡೂ ಕಡೆ ಕೋಣೆಗಳಿರುವ ಒಳಗೋಡೆ. ನಮ್ಮ ಮನೆಯಲ್ಲಿ ಆ ಗೋಡೆಗೆ ಷೂ ಸ್ಟ್ಯಾಂಡು ಒರಗಿತ್ತು. ಷೂಗಳು ಹೊರಗೆ ಹೋದವು.

ಇನ್ನೊಂದು ಅಳತೆಗೋಲು ನನ್ನದೇ: ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆಯೊಳಗೆ ಕೈಗೆ ಸಿಗಬೇಕು. ಏಣಿ ಬೇಕಾದ ಜಾಗದಲ್ಲಿಟ್ಟ ಪ್ಲೇಟು ಕೆಡದೆ ಉಳಿದರೂ ಯಾರೂ ಅದನ್ನು ಕೇಳುವುದಿಲ್ಲ.

ನೂರು ಎಲ್‌ಪಿ ಅಂದರೆ ಒಂದು ಅಕ್ಕಿ ಮೂಟೆ

ಕಾರ್ಪೆಂಟರ್ ಅಳತೆ ತೆಗೆದುಕೊಂಡು, "ಇದರಲ್ಲಿ ಏನಿಡ್ತೀರ ಸರ್?" ಎಂದು ಕೇಳಿದರು. "ಹಾಡಿನ ಪ್ಲೇಟು" ಎಂದೆ. "ಅಯ್ಯೋ, ಅಷ್ಟಕ್ಕೆ ಹನ್ನೆರಡು ಎಂಎಂ ಸಾಕು ಬಿಡಿ." ಒಂದು ಪೆಟ್ಟಿಗೆ ಎತ್ತಿ ನೋಡಿ ಎಂದೆ. ಎತ್ತಿದರು, ಹಾಗೆಯೇ ಇಳಿಸಿದರು, ಪೆನ್ಸಿಲ್ ತೆಗೆದು ಹನ್ನೆರಡನ್ನು ಹದಿನೆಂಟು ಎಂದು ತಿದ್ದಿದರು.

ಒಂದು ಎಲ್‌ಪಿಯ ತೂಕ 120ರಿಂದ 140 ಗ್ರಾಂ. ಈಗಿನ ದಪ್ಪ ಮುದ್ರಣಗಳು 180 ಗ್ರಾಂ. ಹೊದಿಕೆಯ ರಟ್ಟೂ ಸೇರಿದರೆ ಇನ್ನೂರು ದಾಟುತ್ತದೆ. ನೂರು ಎಲ್‌ಪಿ ನಿಲ್ಲಿಸಿದರೆ 35ರಿಂದ 40 ಸೆಂಟಿಮೀಟರ್ ಅಗಲ ಬೇಕು, ತೂಕ 20ರಿಂದ 25 ಕಿಲೋ. ಮೊಳದುದ್ದ ಜಾಗದಲ್ಲಿ ಒಂದು ಅಕ್ಕಿ ಮೂಟೆ ಇಟ್ಟಂತೆ. ಪುಸ್ತಕದ ಕಪಾಟು ಎಂದು ಮಾರುವ ಬಹಳಷ್ಟು ಸಾಮಾನು ಇದನ್ನು ತಡೆಯಲಾರದು, ಪಾರ್ಟಿಕಲ್ ಬೋರ್ಡಿನದಂತೂ ವರ್ಷದೊಳಗೆ ಹೊಟ್ಟೆ ಬಿಡುತ್ತದೆ.

ಮಾಡಿಸುವುದಾದರೆ 18 ಎಂಎಂ ಪ್ಲೈವುಡ್. ತೇವದ ಭಯವಿರುವ ಕಡೆ, ಮುಖ್ಯವಾಗಿ ಕರಾವಳಿಯಲ್ಲಿ, 710 ಎಂಬ ಐಎಸ್ ಗುರುತಿರುವುದು. ಗೂಡಿನ ಒಳ ಎತ್ತರ 34 ಸೆಂಟಿಮೀಟರ್ ಇರಲಿ. ಹೊದಿಕೆ ಮೂವತ್ತೊಂದೂವರೆ ಇರುತ್ತದೆ, ಮಿಕ್ಕದ್ದು ಬೆರಳಿಗೆ. ಆಳ 33ರಿಂದ 35. ಹಲಗೆಯನ್ನು ಎರಡಡಿಗಿಂತ ಉದ್ದ ಆಧಾರವಿಲ್ಲದೆ ಬಿಡಿಸಬೇಡಿ. ನಡುವೆ ಅಡ್ಡಗೋಡೆಗಳು ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ನಾಲ್ಕರಿಂದ ಆರು ಇಂಚಿಗೊಂದು ಎನ್ನುತ್ತಾರೆ. ನಾನು ಅಡಿಗೊಂದು ಹಾಕಿಸಿ, ಮಧ್ಯೆ ಅಕ್ರಿಲಿಕ್ ತುಂಡುಗಳನ್ನು ನಿಲ್ಲಿಸಿದ್ದೇನೆ.

ಸಿದ್ಧ ರ‍್ಯಾಕು ಬೇಕೆನ್ನುವವರು ನಾಗಸಂದ್ರದ ಐಕಿಯಾಗೆ ಹೋಗಿ ಕ್ಯಾಲಾಕ್ಸ್ ತರುತ್ತಾರೆ. ಜಗತ್ತಿನ ಅರ್ಧ ಸಂಗ್ರಾಹಕರ ಮನೆಯಲ್ಲಿರುವುದು ಅದೇ ಏನೋ. ಗೂಡು ಸರಿಯಾಗಿ 33 ಸೆಂಟಿಮೀಟರ್, ಎಲ್‌ಪಿಗೆ ಹೇಳಿ ಮಾಡಿಸಿದಂತಿದೆ. ಆದರೆ ಒಂದು ಗೂಡಿಗೆ ಕಂಪನಿ ಹೇಳುವ ಭಾರ 13 ಕಿಲೋ. ಲೆಕ್ಕ ಹಾಕಿದರೆ ಐವತ್ತೈದರಿಂದ ಅರವತ್ತು ಎಲ್‌ಪಿ ಅಷ್ಟೇ. ಜನ ಎಪ್ಪತ್ತು ತುರುಕುತ್ತಾರೆ. ತುರುಕದೆ ಇದ್ದರೆ ರ‍್ಯಾಕಿಗೂ ಒಳ್ಳೆಯದು, ತೆಗೆಯುವ ಬೆರಳಿಗೂ ಒಳ್ಳೆಯದು. ನನ್ನನ್ನು ಕೇಳಿದರೆ, ನೋಟದ ಹಂಗಿಲ್ಲದವರಿಗೆ ಹಳೆಯ ಆಫೀಸುಗಳಲ್ಲಿದ್ದ ಕಬ್ಬಿಣದ ಸ್ಲಾಟೆಡ್ ಆ್ಯಂಗಲ್ ರ‍್ಯಾಕಿನಷ್ಟು ಗಟ್ಟಿ ಮತ್ತೊಂದಿಲ್ಲ. ಹಲಗೆಯ ಎತ್ತರವನ್ನು ಬೋಲ್ಟು ಬಿಚ್ಚಿ ಬೇಕಾದಂತೆ ಬದಲಿಸಬಹುದು. ನಮ್ಮ ಮನೆಯಲ್ಲಿ ಅದಕ್ಕೆ ಅನುಮತಿ ಸಿಗಲಿಲ್ಲ.

ಮನೆಯಲ್ಲಿ ಉಕ್ಕಿನ ಬೀರು ಇದ್ದರೆ ಅದರ ಕೆಳಗಿನ ಎರಡು ಖಾನೆಗಳನ್ನು ಮರೆಯಬೇಡಿ. ಧೂಳಿಲ್ಲ, ಜಿರಳೆಯಿಲ್ಲ, ಬೆಳಕಿಲ್ಲ. ಸೀರೆಗಳನ್ನು ಮೇಲೆ ಕಳಿಸುವ ಸಂಧಾನ ಮಾತ್ರ ನಿಮ್ಮದು.

ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಬಾರದು ಎಂಬ ಷರತ್ತು ಇದ್ದೇ ಇರುತ್ತದೆ. ಗೋಡೆಗೆ ಬಿಗಿಯದ ಎತ್ತರದ ರ‍್ಯಾಕು ಮಕ್ಕಳಿರುವ ಮನೆಗೆ ಅಪಾಯ. ಆದ್ದರಿಂದ ಎರಡೇ ಅಂತಸ್ತಿನ, ಸೊಂಟದೆತ್ತರದ ರ‍್ಯಾಕು ಮಾಡಿಸಿ, ಎಲ್‌ಪಿಗಳು ಕೆಳಗೆ, ಪುಸ್ತಕಗಳು ಮೇಲೆ ಇರಲಿ. ಕೆಳಗೆ ಎಂದರೆ ನೆಲದ ಮೇಲಲ್ಲ. ನೆಲ ಒರೆಸುವ ನೀರು ತಾಗದಂತೆ ನಾಲ್ಕಿಂಚಿನ ಕಾಲು ಕೊಡಿಸಿ. ಗೋಡೆಗೂ ರ‍್ಯಾಕಿನ ಬೆನ್ನಿಗೂ ಎರಡು ಬೆರಳು ಗಾಳಿಯಾಡಲಿ.

ಇಷ್ಟು ಭಾರಕ್ಕೆ ನೆಲವೇ ಕುಸಿದರೆ ಎಂದು ಅಮ್ಮ ಕೇಳಿದ್ದರು. ವಾಸದ ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹೊರುವ ಲೆಕ್ಕದಲ್ಲಿ ಕಟ್ಟುತ್ತಾರೆ, ಅದೂ ಇಡೀ ಕೋಣೆಗೆ ಹರಡಿ. ಗೋಡೆಯ ಬುಡದಲ್ಲಿ ಐನೂರು ಎಲ್‌ಪಿ ಎಂದರೆ ತುಂಬಿದ ಒಂದು ಬೀರುವಿನಷ್ಟು, ಚಿಂತೆಯಿಲ್ಲ. ಸಾವಿರಗಳ ಲೆಕ್ಕಕ್ಕೆ ಹೋದರೆ ಎಂಜಿನಿಯರನ್ನು ಕೇಳಿ. ಮೈಸೂರಿನ ಜಯಚಾಮರಾಜ ಒಡೆಯರಿಗೆ ಈ ಚಿಂತೆ ಇರಲಿಲ್ಲ. ರಷ್ಯದ ನಿಕೊಲಾಯ್ ಮೆಟ್ನರ್ ಅವರ ಸಂಗೀತವನ್ನು ತಮ್ಮ ಹಣದಲ್ಲಿ ಲಂಡನ್ನಿನಲ್ಲಿ ಮುದ್ರಿಸಿ, ಎಚ್‌ಎಂವಿ ತಟ್ಟೆಗಳಾಗಿ ಹೊರತಂದವರು ಅವರು. ಇಡುವುದಕ್ಕೆ ಅರಮನೆಯಿತ್ತು.

ನಿಲ್ಲಿಸಿ, ಒರಗಿಸಬೇಡಿ

ಪ್ಲೇಟನ್ನು ಮಲಗಿಸಬಾರದು ಎಂಬುದು ಹಲವರಿಗೆ ಗೊತ್ತು. ಒರಗಿಸಲೂ ಬಾರದು ಎಂಬುದು ಮರೆತುಹೋಗುತ್ತದೆ. ಅರ್ಧ ಖಾಲಿ ಗೂಡಿನಲ್ಲಿ ಪ್ಲೇಟುಗಳೆಲ್ಲ ಒಂದು ಕಡೆಗೆ ವಾಲಿ ನಿಂತರೆ, ಅಟ್ಟದ ಕೆಲಸವನ್ನೇ ಅವು ನಿಧಾನವಾಗಿ ಮಾಡಿಕೊಳ್ಳುತ್ತವೆ. ಹಾಗೆಂದು ಬಿಗಿಯಾಗಿ ತುಂಬಿದರೆ ತೆಗೆಯುವಾಗ ಹೊದಿಕೆಯ ಬೆನ್ನು ಹರಿಯುತ್ತದೆ. ಒಂದು ಕೈಯ ನಾಲ್ಕು ಬೆರಳು ನುಸುಳುವಷ್ಟು ಸಡಿಲ ಬಿಡಿ. ಖಾಲಿ ಉಳಿದ ಜಾಗಕ್ಕೆ ದಪ್ಪ ನಿಘಂಟು ಸಿಕ್ಕಿಸಿ.

ಅಳತೆ ಬೇರೆಯಾದವನ್ನು ಒಟ್ಟಿಗೆ ಇಡಬೇಡಿ. ಹನ್ನೆರಡು ಇಂಚಿನ ಎಲ್‌ಪಿಗಳ ನಡುವೆ ಹತ್ತಿಂಚಿನದು ಸೇರಿದರೆ ಒತ್ತಡ ಅರ್ಧಕ್ಕಷ್ಟೇ ಬಿದ್ದು, ದೊಡ್ಡದು ಬಾಗುತ್ತದೆ, ಚಿಕ್ಕದು ಕಳೆದುಹೋಗುತ್ತದೆ.

ಇಪಿಗಳ ಸಮಸ್ಯೆ ಎಲ್ಲಕ್ಕಿಂತ ಸುಲಭ. ಕನ್ನಡ ಸಿನಿಮಾ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ ಈ ಏಳಿಂಚಿನ ತಟ್ಟೆಗಳು ಷೂ ಡಬ್ಬಿಯಲ್ಲಿ ಸೊಗಸಾಗಿ ನಿಲ್ಲುತ್ತವೆ. ಹೊದಿಕೆಯೂ ಸೇರಿ ಹದಿನೆಂಟು ಸೆಂಟಿಮೀಟರ್ ಅಷ್ಟೇ. ಡಬ್ಬಿಯ ಅಗಲ ಮಾತ್ರ ಅಳೆದುಕೊಳ್ಳಿ. ನಮ್ಮ ತೊಂಬತ್ತೂ ದಿವಾನಿನ ಪೆಟ್ಟಿಗೆಯೊಳಗೆ ಇವೆ. ಎಲ್‌ಪಿಗಳಿಗೆ ಮಂಚದಡಿ ಒಗ್ಗುವುದಿಲ್ಲ, ನಿಲ್ಲಿಸಲು ಎತ್ತರ ಸಾಲದೆ ಜನ ಮಲಗಿಸಿಬಿಡುತ್ತಾರೆ.

78ರ ತಟ್ಟೆಗಳ ಸ್ವಭಾವವೇ ಬೇರೆ. ಅವು ವಿನೈಲ್ ಅಲ್ಲ, ಹೆಚ್ಚಿನವು ಅರಗು. ಪಾಂಡವರಿಗೆ ಕಟ್ಟಿಸಿದ ಮನೆಯ ಅರಗೇ, ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಬಾಗುವುದಕ್ಕಿಂತ ಒಡೆಯುವುದು ಹೆಚ್ಚು. ಎಲ್‌ಪಿ ಕೈಜಾರಿದರೆ ಗೀರು ಬೀಳಬಹುದು, ಇದು ಜಾರಿದರೆ ಎರಡು ಹೋಳು. ಪಾಶ್ಚಾತ್ಯ ದೇಶಗಳು 78ನ್ನು ಕೈಬಿಟ್ಟ ಮೇಲೂ ಕಲ್ಕತ್ತೆಯ ಡಂಡಂ ಕಾರ್ಖಾನೆ ಅದನ್ನು ಒತ್ತುತ್ತಲೇ ಇತ್ತು, ಬೀಟಲ್ಸ್ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದವು. ಆದ್ದರಿಂದ ಹಳೆಯ ಟ್ರಂಕಿನಲ್ಲಿರುವುದೆಲ್ಲ ಅಜ್ಜನ ಕಾಲದ್ದೇ ಎಂದುಕೊಳ್ಳಬೇಡಿ. ಲೇಬಲ್ ಓದಿ.

ಇವಕ್ಕೆ ನಾನು ಹೊಸದೇನೂ ಕೊಳ್ಳಲಿಲ್ಲ. ಮಾವನ ತಗಡಿನ ಟ್ರಂಕಿನ ಒಳ ಎತ್ತರ ಅಳೆದರೆ ಹನ್ನೊಂದೂವರೆ ಇಂಚು, ತಟ್ಟೆ ಹತ್ತಿಂಚು. ತಳಕ್ಕೆ ಹಳೆಯ ಕಂಬಳಿಯ ತುಂಡು ಹಾಸಿ, ಪ್ರತಿಯೊಂದನ್ನೂ ಗಟ್ಟಿ ಕಾಗದದ ಚೀಲಕ್ಕೆ ಹಾಕಿ ನಿಲ್ಲಿಸಿದೆ, ಐದೈದಕ್ಕೊಂದು ರಟ್ಟು. ಮೇಲೆ ಜಮಖಾನ ಹಾಸಿ ಹಾಲಿನ ಮೂಲೆಗೆ ಇಟ್ಟರೆ ಇಬ್ಬರು ಕೂರುವ ಬೆಂಚಾಯಿತು. ಟ್ರಂಕಿನ ಮುಚ್ಚಳ ಬಾಗದಷ್ಟು ಗಟ್ಟಿಯಿದೆಯೇ ಎಂದು ಮೊದಲು ನಾನೇ ಕೂತು ನೋಡಿದ್ದೆ.

ಚೀಲ, ತೇವ, ಬೂಷ್ಟು

ಹಳೆಯ ಕಾಗದದ ಒಳಚೀಲ ಪುಡಿಯಾಗುತ್ತಿದ್ದರೆ ಬದಲಿಸಿ. ನಯವಾದ ಪಾಲಿಥಿನ್ ಒಳಪದರದ ಚೀಲಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಹಾಡಿನ ಸಾಲುಗಳೋ ಚಿತ್ರವೋ ಅಚ್ಚಾಗಿರುವ ಒಳಚೀಲವನ್ನು ಮಾತ್ರ ಎಸೆಯದೆ, ಹೊದಿಕೆಯೊಳಗೇ ಪಕ್ಕದಲ್ಲಿ ಇರಿಸಿ. ಒಳಚೀಲದ ಬಾಯಿ ಮೇಲ್ಮುಖವಾಗಿರಲಿ, ಹೊದಿಕೆಯ ಬಾಯಿ ಪಕ್ಕಕ್ಕೆ. ಆಗ ಪ್ಲೇಟು ಉರುಳಿ ಬೀಳುವುದಿಲ್ಲ, ಧೂಳೂ ನೇರ ಒಳಗೆ ಹೋಗದು.

ಹೊರಗವಸು ಕೊಳ್ಳುವಾಗ ಮೂಸಿ ನೋಡಿ. ದಪ್ಪಗೆ, ಮೆತ್ತಗೆ, ಹೊಸ ರೇನ್‌ಕೋಟಿನ ವಾಸನೆ ಬರುತ್ತಿದ್ದರೆ ಅದು ಮೆದುಗೊಳಿಸಿದ ಪಿವಿಸಿ. ವರ್ಷಗಳ ಮೇಲೆ ಅದರಿಂದ ಹೊರಬರುವ ರಾಸಾಯನಿಕ ಪ್ಲೇಟಿನ ಮೈಮೇಲೆ ಮಬ್ಬು ಹಿಡಿಸುತ್ತದೆ, ಆ ಮಬ್ಬು ತೊಳೆದರೂ ಹೋಗದು. ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್ ಕೇಳಿ ತೆಗೆದುಕೊಳ್ಳಿ. ಹರಿದ ಹೊದಿಕೆಗೆ ಸೆಲ್ಲೋಟೇಪ್ ಅಂಟಿಸುವ ಚಾಳಿ ನಮ್ಮ ಮಾವನಿಗಿತ್ತು. ಈಗ ಟೇಪು ಉದುರಿ, ಹಳದಿ ಗೋಂದು ಮಾತ್ರ ಪಕ್ಕದ ಹೊದಿಕೆಯನ್ನೂ ಹಿಡಿದುಕೊಂಡು ಕೂತಿದೆ.

ಮಳೆಗಾಲದ ಶತ್ರು ಬೂಷ್ಟು. ಮಂಗಳೂರು, ಕಾರವಾರ, ಮಡಿಕೇರಿಯ ಓದುಗರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ, ಅಲ್ಲಿ ಚರ್ಮದ ಬೆಲ್ಟನ್ನೂ ಅದು ಬಿಡುವುದಿಲ್ಲ. ವಿನೈಲನ್ನು ಬೂಷ್ಟು ತಿನ್ನಲಾರದು, ಆದರೆ ಮೇಲೆ ಕೂತ ಬೆರಳಿನ ಜಿಡ್ಡನ್ನೂ ಧೂಳನ್ನೂ ತಿಂದು ಬೆಳೆಯುತ್ತದೆ, ಹೊದಿಕೆಯ ಕಾಗದವನ್ನಂತೂ ಬಿಡುವುದಿಲ್ಲ. ಹಾಗಾಗಿ ಅರ್ಧ ಔಷಧ ಪ್ಲೇಟನ್ನು ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ ಹಿಡಿಯುವುದರಲ್ಲೇ ಇದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಮುಚ್ಚಿದ ಬೀರು, ಟ್ರಂಕುಗಳಲ್ಲಿ ಇಡಿ. ತೆರೆದ ರ‍್ಯಾಕಿನಲ್ಲಿ ಅವು ದಂಡ. ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ನುಸಿಗುಳಿಗೆ ಬೇಡ. ಆ ವಾಸನೆ ರಟ್ಟಿಗೆ ಹತ್ತಿದರೆ ಜನ್ಮಕ್ಕೆ ಬಿಡದು.

ಬೂಷ್ಟು ಬಂದೇಬಿಟ್ಟರೆ ಪ್ಲೇಟನ್ನು ಬಾಲ್ಕನಿಗೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಹಳೆಯ ಒಳಚೀಲವನ್ನು ಎಸೆದುಬಿಡಿ. ಆಮೇಲೆ ತೊಳೆಯುವುದು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡೇ ಹನಿ, ಮೈಕ್ರೊಫೈಬರ್ ಬಟ್ಟೆಯಿಂದ ಗೆರೆಗಳ ಗುಂಟ ಸುತ್ತು, ಅಡ್ಡಡ್ಡ ಉಜ್ಜಬಾರದು, ಲೇಬಲ್ ನೆನೆಯಬಾರದು, ಕೊನೆಗೆ ಬರಿಯ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ. ನಲ್ಲಿಯ ನೀರು ಬೇಡ, ನಮ್ಮ ಬೋರ್‌ವೆಲ್ ನೀರಿನ ಸುಣ್ಣ ಗೀಜರನ್ನೇ ಬಿಟ್ಟಿಲ್ಲ. ಅಂಗಡಿಯ ಕ್ಲೀನರುಗಳಲ್ಲಿ ಕೆಲವಕ್ಕೆ ಆಲ್ಕೊಹಾಲ್ ಬೆರೆಸಿರುತ್ತಾರೆ. ಅದನ್ನು 78ರ ತಟ್ಟೆಗೆ ಮಾತ್ರ ಎಂದೂ ತಾಗಿಸಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಪೀಠೋಪಕರಣದ ಪಾಲಿಷ್ ಮಾಡುವವರು ಕರಗಿಸುವುದೂ ಹೀಗೆಯೇ.

ತೊಳೆದದ್ದನ್ನು ಒಣಗಿಸಲು ಅಡುಗೆಮನೆಯ ಸ್ಟೀಲ್ ತಟ್ಟೆ ಸ್ಟ್ಯಾಂಡಿಗಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಊಟದ ತಟ್ಟೆಗೆ ಮಾಡಿದ್ದು ಹಾಡಿನ ತಟ್ಟೆಗೂ ಸರಿಹೋಗುತ್ತದೆ. ಹಳೆಯದೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ, ತಂತಿಗೆ ಹಳೆಯ ಬಟ್ಟೆ ಸುತ್ತಿ. ನೆರಳಲ್ಲಿ ಒಣಗಲಿ.

ಸ್ಪೀಕರಿನ ಅಯಸ್ಕಾಂತದಿಂದ ಹಾಡು ಅಳಿಸಿಹೋಗುತ್ತದೆ ಎಂದು ಪಕ್ಕದ ಮನೆಯವರು ಎಚ್ಚರಿಸಿದ್ದರು. ಅದು ಕ್ಯಾಸೆಟ್ಟಿನ ಭಯ. ಪ್ಲೇಟಿನಲ್ಲಿ ಹಾಡಿರುವುದು ಕೊರೆದ ಗೆರೆಯಲ್ಲಿ, ಅಯಸ್ಕಾಂತಕ್ಕೆ ಅಲ್ಲೇನೂ ಕೆಲಸವಿಲ್ಲ.

ಎಷ್ಟು ಸಾಕು?

ರ‍್ಯಾಕಿನ ಅಳತೆಯೇ ಸಂಗ್ರಹದ ಅಳತೆ ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ. ಇನ್ನೂರು ಎಲ್‌ಪಿ ಹಿಡಿಯುವ ಜಾಗ, ಈಗ ಇರುವುದು ನೂರತೊಂಬತ್ತರ ಆಸುಪಾಸು. ಅವೆನ್ಯೂ ರಸ್ತೆಯ ಕಡೆ ಭಾನುವಾರದ ಬಜಾರಿಗೆ ಹೋದರೆ ಕೈ ತಡೆಯುವುದಿಲ್ಲ, ಆದರೆ ಮನೆಗೆ ಬಂದ ಮೇಲೆ ಒಂದು ಒಳಗೆ, ಒಂದು ಹೊರಗೆ. ಹೊರಗೆ ಹೋಗುವುದನ್ನು ಆರಿಸಲು ಸುಲಭ ದಾರಿ: ಕೇಳಿದ ಪ್ಲೇಟನ್ನು ಯಾವಾಗಲೂ ಸಾಲಿನ ಎಡತುದಿಗೆ ಸೇರಿಸುತ್ತ ಹೋಗಿ. ವರ್ಷದ ಕೊನೆಗೆ ಬಲತುದಿಯಲ್ಲಿ ಉಳಿದಿರುವವು ತಾವೇ ಕೈ ಎತ್ತಿರುತ್ತವೆ. ಅಕ್ಷರಮಾಲೆಯಂತೆ ಜೋಡಿಸುವವರಿಗೆ ಈ ಸುಖವಿಲ್ಲ. ಇನ್ನೂರರೊಳಗಿನ ಸಂಗ್ರಹಕ್ಕೆ ಅಕ್ಷರಮಾಲೆ ಬೇಕೂ ಇಲ್ಲ, ಬೆನ್ನಿನ ಬಣ್ಣವೇ ನೆನಪಿರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿಯಿರಲಿ, ಹೊದಿಕೆಗಳ ಫೋಟೊ ಫೋನಿನಲ್ಲಿರಲಿ. ಇಲ್ಲದಿದ್ದರೆ ಬಜಾರಿನಿಂದ ಮನೆಯಲ್ಲಿರುವುದನ್ನೇ ಮತ್ತೊಮ್ಮೆ ತರುತ್ತೀರಿ. ನಾನು ತಂದಿದ್ದೇನೆ.

ಹನ್ನೊಂದು ತಿಂಗಳ ಕರಾರಿನ ಊರಿನಲ್ಲಿ ಮನೆ ಬದಲಿಸುವುದು ತಪ್ಪಿದ್ದಲ್ಲ. ಸಾಗಿಸುವವರು ದೊಡ್ಡ ಪೆಟ್ಟಿಗೆ ತಂದು ನೂರು ಎಲ್‌ಪಿಯನ್ನೂ ಒಂದರಲ್ಲೇ ಮಲಗಿಸಲು ಹೊರಡುತ್ತಾರೆ. ಪುಸ್ತಕದ ಚಿಕ್ಕ ಪೆಟ್ಟಿಗೆಗಳಲ್ಲಿ ಮೂವತ್ತು ಮೂವತ್ತರಂತೆ ನಿಲ್ಲಿಸಿ ನೀವೇ ತುಂಬಿ, ಸಂದಿಗೆ ಟವೆಲ್ ತುರುಕಿ, ಬಾಣದ ಗುರುತು ಹಾಕಿ. ಕಾರಿನಲ್ಲಿ ಒಯ್ಯುವುದಾದರೆ ದಾರಿಯಲ್ಲಿ ತಿಂಡಿಗೆ ನಿಲ್ಲಬೇಡಿ. ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಕಾರು, ಅಟ್ಟ ಒಂದು ಬೇಸಿಗೆಯಲ್ಲಿ ಮಾಡುವುದನ್ನು ಒಂದು ಮಸಾಲೆ ದೋಸೆಯ ಹೊತ್ತಿನಲ್ಲಿ ಮಾಡಿ ಮುಗಿಸುತ್ತದೆ.

ಬಾಗಿದವನ್ನು ನೇರ ಮಾಡುವ ಉಪಾಯಗಳು ಬೇಕಾದಷ್ಟಿವೆ. ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಿಡಿ ಎನ್ನುವವರಿದ್ದಾರೆ, ಓವನ್ನಿಗೆ ಇಡು ಎನ್ನುವ ಧೀರರೂ ಇದ್ದಾರೆ. ಒಂದರ ಮೇಲೆ ಗಾಜಿನ ಪ್ರಯೋಗ ಮಾಡಿದೆ. ಪ್ಲೇಟು ಚಪ್ಪಟೆಯಾಯಿತು, ಹಾಡು ಗಂಟಲು ಕಟ್ಟಿದಂತಾಯಿತು. ಮಿಕ್ಕ ಹನ್ನೊಂದನ್ನು ಹಾಗೆಯೇ ಬಿಟ್ಟಿದ್ದೇನೆ. ಅಂಚಿನ ಕಡೆ ಮುಳ್ಳು ದೋಣಿಯಂತೆ ಏಳುತ್ತ ಬೀಳುತ್ತ ಹೋಗುತ್ತದೆ, ನಡುವಿಗೆ ಬಂದ ಮೇಲೆ ನೆಲ ಸಮ. ಹಾಗಾಗಿ ಅವುಗಳಲ್ಲಿ ಮೊದಲ ಎರಡು ಹಾಡು ಬಿಟ್ಟು ಮೂರನೆಯದಕ್ಕೆ ಮುಳ್ಳು ಇಳಿಸುತ್ತೇನೆ.